ಕೊನೇ ಸಬ್ಜೆಕ್ಟು: ನಮ್ಮ ಕೇರಿಯ ನೀರು



ಹೋದ ತಿಂಗಳು ನಾವು ಐದು ಜನ ನಮ್ಮೂರ ಪುರಸಭೆಯ ಸಾಮಾನ್ಯ ಸಭೆಗೆ ಹೋಗಿದ್ದೆವು. ಅರ್ಜಿ ಹಿಡಿದುಕೊಂಡು ಹೋಗಿದ್ದಲ್ಲ, ಧಿಕ್ಕಾರ ಕೂಗಲಿಕ್ಕೂ ಅಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ನೋಡಲಿಕ್ಕೆ. ಬಾಗಿಲಲ್ಲಿ ಜವಾನ ತಡೆದ. "ಯಾರಪ್ಪಾ ನೀವು, ಸ್ಟೂಡೆಂಟ್ಸಾ? ಗಲಾಟೆ ಮಾಡೋಕೆ ಬಂದ್ರಾ?" ಅಂದ. ಸಭೆ ನೋಡೋಕೆ ಬಂದಿದ್ದೀವಿ ಅಂದೆವು. "ನೋಡೋಕೆ ಇಲ್ಲೇನು ಸಿನಿಮಾ ಇದೆಯಾ?" ಅಂದ. ಅವನ ಮಾತು ಅರ್ಧ ನಿಜ ಅಂತ ಒಳಗೆ ಹೋದ ಮೇಲೆ ಗೊತ್ತಾಯಿತು.

ನೋಟೀಸಿನಲ್ಲಿ ಹನ್ನೊಂದು ಗಂಟೆ ಅಂತ ಇತ್ತು. ಶುರುವಾಗಿದ್ದು ಹನ್ನೆರಡೂಕಾಲಿಗೆ. ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸಿದರು. ಅಂದರೆ ಯಾರೂ ಓದಲಿಲ್ಲ, ಎಲ್ಲರೂ ದೃಢೀಕರಿಸಿದರು. ಜಮಾ ಖರ್ಚೂ ಹಾಗೇ ಆಯಿತು. ಆಮೇಲೆ ಊರ ಬಾಗಿಲಲ್ಲಿ ಕಟ್ಟುವ ಸ್ವಾಗತ ಕಮಾನಿಗೆ ಯಾರ ಹೆಸರಿಡಬೇಕು ಅಂತ ಒಂದು ಗಂಟೆ ಜಗಳ. ಬಸ್‌ಸ್ಟ್ಯಾಂಡಿನ ಮಳಿಗೆಗಳ ಬಾಡಿಗೆ ಬಾಕಿ ವಿಷಯ ಬಂದಾಗ ಮಾತ್ರ ಇಡೀ ಸಭೆ ಪಿಸುಮಾತಿಗೆ ಇಳಿಯಿತು. ಬಾಕಿ ಉಳಿಸಿಕೊಂಡವರ ಪೈಕಿ ಕೆಲವರು ಅಲ್ಲೇ ಕುರ್ಚಿ ಮೇಲಿದ್ದರಂತೆ. ಬೋಂಡ ಬಂತು, ಕಾಫಿ ಬಂತು, ಊಟದ ಹೊತ್ತಾಯಿತು. ಕಾರ್ಯಸೂಚಿಯ ಕೊನೇ ಸಬ್ಜೆಕ್ಟು, ಇಪ್ಪತ್ತೇಳನೆಯದು: ಪೌರಕಾರ್ಮಿಕರ ಕಾಲೋನಿಗೆ ಕುಡಿಯುವ ನೀರಿನ ಪೈಪು ಎಳೆಯುವ ಬಗ್ಗೆ. ಗುಮಾಸ್ತರು ತಲೆಬರಹ ಓದಿ ಮುಗಿಸುವ ಮೊದಲೇ ಯಾರೋ "ಮುಂದಕ್ಕೆ ಹಾಕ್ರಿ" ಅಂದರು. ಹಾಕಿದರು. ಕುರ್ಚಿಗಳು ಸರಿದವು. ನಮ್ಮಲ್ಲೊಬ್ಬ ವಾಚು ನೋಡಿಕೊಂಡಿದ್ದ. ನಲವತ್ತು ಸೆಕೆಂಡು!

ಆ ಕಾಲೋನಿಯಲ್ಲಿ ಇರೋರು ಯಾರು ಅಂತ ಬೇರೆ ಹೇಳಬೇಕೆ? ನಮ್ಮ ಐದು ಜನರಲ್ಲಿ ಇಬ್ಬರ ಅವ್ವಂದಿರು ಬೆಳಗಿನ ಜಾವ ಎದ್ದು ಇದೇ ಸಭಾಂಗಣದ ಮುಂದಿನ ರಸ್ತೆ ಗುಡಿಸುತ್ತಾರೆ. ಗುಡಿಸಿ ಮನೆಗೆ ಹೋಗಿ, ಕೈ ತೊಳೆಯಲಿಕ್ಕೆ ಟ್ಯಾಂಕರು ಕಾಯುತ್ತಾರೆ. ಆ ಟ್ಯಾಂಕರಿನ ಮೈಮೇಲೆ ಪುರಸಭೆಯ ಹೆಸರು ದೊಡ್ಡಕ್ಷರದಲ್ಲಿ ಬರೆದಿದೆ.

ದೇಶದಲ್ಲಿ ಎಂತೆಂಥಾ ಅನ್ಯಾಯ ನಡೀತಿರುವಾಗ ಇವರು ನಲ್ಲಿ, ಚರಂಡಿ ಅಂತ ಬರೀತಾರಲ್ಲ ಅಂತ ಕೆಲವು ಸಂಗಾತಿಗಳು ನಗಬಹುದು. ನಗಲಿ. ಬಾಬಾಸಾಹೇಬರು ಸಾವಿರಾರು ಜನರನ್ನು ಕಟ್ಟಿಕೊಂಡು ಮಹಾಡಿನ ಚವದಾರ್ ಕೆರೆಗೆ ನಡೆದಿದ್ದು ನಮಗೆಲ್ಲ ಗೊತ್ತು. ಹಾಸ್ಟೆಲಿನ ಗೋಡೆ ಮೇಲೆ ಆ ಚಿತ್ರ ಇದೆ. ಆ ನಡಿಗೆಯ ಬುಡದಲ್ಲಿ ಒಂದು ಪುರಸಭೆಯ ಠರಾವು ಇತ್ತು ಅನ್ನೋದು ಎಷ್ಟು ಜನಕ್ಕೆ ನೆನಪಿದೆ? 1923ರಲ್ಲಿ ಬೊಂಬಾಯಿಯ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆಯವರು ತಂದ ನಿರ್ಣಯದಂತೆ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದವು, ಕಾಗದದ ಮೇಲೆ. 1924ರಲ್ಲಿ ಮಹಾಡ್ ಪುರಸಭೆಯೂ ತನ್ನ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ಠರಾವು ಬರೆಯಿತು. ಮೂರು ವರ್ಷ ಆ ಠರಾವು ಪುಸ್ತಕದೊಳಗೆ ಮಲಗಿತ್ತು. ದನ ಕುಡಿಯುತ್ತಿದ್ದ ನೀರನ್ನು ನಮ್ಮವರು ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಬೊಗಸೆ ತುಂಬಿ ಕುಡಿದಾಗ ಆ ಠರಾವು ಮೊದಲ ಸಲ ಒದ್ದೆಯಾಯಿತು.

ಮುಂದಿನದನ್ನೂ ಓದಬೇಕು. ನಮ್ಮವರನ್ನು ಬೀದಿ ಬೀದಿಯಲ್ಲಿ ಹೊಡೆದರು. ಕೆರೆಗೆ ಸಗಣಿ ಗಂಜಲ ಸುರಿದು ಶುದ್ಧಿ ಮಾಡಿದರು. ಅದೇ ವರ್ಷ ಆಗಸ್ಟ್ 4ರಂದು ಅದೇ ಪುರಸಭೆ, ಅದೇ ಪುಸ್ತಕದಲ್ಲಿ, ಆ ಠರಾವನ್ನು ವಾಪಸು ತಗೊಂಡಿತು. ಡಿಸೆಂಬರ್ 25ರಂದು ಅದೇ ಊರಲ್ಲಿ ಮನುಸ್ಮೃತಿ ಸುಟ್ಟಿದ್ದು ಇದಾದ ಮೇಲೆ. ಕೋರ್ಟಿನ ಜಗಳ ಮುಗಿದು ಬೊಂಬಾಯಿ ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟಾಗ 1937. ಕೊಟ್ಟಿದ್ದೂ ಆ ಕೋಣೆ, ಕಿತ್ತುಕೊಂಡಿದ್ದೂ ಆ ಕೋಣೆ. ಹೋರಾಟಗಾರರಾದ ನಾವು ವಿಧಾನಸೌಧದ ಮುಂದೆ ಕೂರುತ್ತೇವೆ, ಡಿ.ಸಿ. ಆಫೀಸಿನ ಮುಂದೆ ಕೂರುತ್ತೇವೆ. ಈ ಕೋಣೆಯ ಮುಂದೆ ಮಾತ್ರ ಕೂತಿದ್ದು ಕಡಿಮೆ.

ಆ ಕೋಣೆಯಲ್ಲಿ ನಮ್ಮದು ಏನಿದೆ?

ಒಂದು, ದುಡ್ಡಿದೆ. ಕಂದಾಯ, ಬಾಡಿಗೆ, ಲೈಸೆನ್ಸು ಅಂತ ಪುರಸಭೆ ತನ್ನದೇ ದುಡ್ಡು ಸಂಪಾದಿಸುತ್ತದಲ್ಲ, ಅದರಲ್ಲಿ ಶೇಕಡಾ 24.10 ಭಾಗವನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗಾಗಿ ಎತ್ತಿಡಬೇಕು ಅಂತ ಸರ್ಕಾರದ ಆದೇಶವಿದೆ. ಮೊದಲು ಶೇಕಡಾ 18 ಇತ್ತು, ಆಮೇಲೆ 22.75 ಆಯಿತು, ಅದರ ಮೇಲೆ 24.10. ಸ್ವಂತ ಆದಾಯ ಒಂದು ಕೋಟಿ ಇರುವ ಪುಟ್ಟ ಊರಲ್ಲೂ ಇದು ವರ್ಷಕ್ಕೆ 24 ಲಕ್ಷದ 10 ಸಾವಿರ! ಇದು ಯಾರ ದಾನವೂ ಅಲ್ಲ, ಭಿಕ್ಷೆಯೂ ಅಲ್ಲ. ನಮ್ಮ ಹುಡುಗ ಹುಡುಗಿಯರ ಓದಿಗೆ, ಮುರುಕಲು ಮನೆಗೆ, ಕೇರಿಯ ನೀರಿಗೆ ಬೆಳಕಿಗೆ ಅಂತ ಇರುವ ಹಣ. ಇದು ಹೇಗೆ ಜಾರುತ್ತದೆ ಅಂತ ನಮ್ಮೂರ ಎರಡು ವರ್ಷದ ಲೆಕ್ಕ ತರಿಸಿ ನೋಡಿದೆವು. ಮಾಹಿತಿ ಹಕ್ಕಿನ ಅರ್ಜಿ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಕೊಡಬೇಕು ಅಂತ ಕಾಯಿದೆ. ಅವರು ಎಪ್ಪತ್ತು ದಿನ ಮಾಡಿದರು, ಇರಲಿ. ಕೇರಿಯ ಅಂಚಿನಲ್ಲಿ ಹಾದುಹೋಗುವ ಮೇನ್ ರೋಡಿಗೆ ಡಾಂಬರು ಹಾಕಿ ಖರ್ಚನ್ನು ನಮ್ಮ ಬಾಬ್ತಿಗೆ ಬರೆದಿದ್ದಾರೆ. ರೋಡಿನ ಮೇಲೆ ಓಡಾಡುವ ಕಾರು ಯಾರದು? ರೋಡಿನ ನೀರು ಹರಿದು ನುಗ್ಗುವ ಗುಡಿಸಲು ಯಾರದು? ವಿಧಾನಸೌಧಕ್ಕೂ ಈ ಚಾಳಿ ಇತ್ತು. 2013ರ ವಿಶೇಷ ಘಟಕ ಯೋಜನೆಯ ಕಾಯಿದೆಯಲ್ಲಿ ಎಲ್ಲರಿಗೂ ಮಾಡಿದ ಕೆಲಸದ ಖರ್ಚನ್ನು ನಮ್ಮ ಪಾಲಿಗೆ ಸೇರಿಸಲು ಬಿಡುವ 7-ಡಿ ಅನ್ನುವ ಕಂಡಿ ಇತ್ತು. ಕೂಗಾಡಿ ಕೂಗಾಡಿ 2023ರಲ್ಲಿ ಅದನ್ನು ತೆಗೆಸಬೇಕಾಯಿತು. ದೊಡ್ಡ ಮನೆಯಲ್ಲಿ ಕಂಡಿ ಮುಚ್ಚಿದರೆ ಸಣ್ಣ ಮನೆಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆಯೆ?

ಇನ್ನೊಂದು, ನಮ್ಮ ಜನರ ಮೈಯ ಲೆಕ್ಕ ಅಲ್ಲಿದೆ. ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರ ವರದಿಯಲ್ಲಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರು ಬೇಕು ಅಂತ ಹೇಳಿತ್ತು. ಆಮೇಲೆ ಸರ್ಕಾರ 700ಕ್ಕೆ ಒಬ್ಬರು ಸಾಕು ಅಂತ ಲೆಕ್ಕ ಬದಲಾಯಿಸಿತು. ಲೆಕ್ಕ ಪುಸ್ತಕದಲ್ಲಿ ಇದು ಒಂದು ಸಾಲು. ಎಪ್ಪತ್ತು ಸಾವಿರ ಜನರ ಊರಿಗೆ ಇದನ್ನು ಹಚ್ಚಿ ನೋಡಿ: ಮೊದಲ ಲೆಕ್ಕದಲ್ಲಿ 140 ಜನ, ಎರಡನೇ ಲೆಕ್ಕದಲ್ಲಿ 100. ಕಸ ಏನಾದರೂ ಕಡಿಮೆಯಾಯಿತೆ? ಕಾಣೆಯಾದ ನಲವತ್ತು ಜನರ ಪೊರಕೆಯನ್ನು ಉಳಿದ ನೂರು ಜನರ ಸೊಂಟ ಹೊತ್ತುಕೊಂಡಿದೆ. ಖಾಯಂ ಆಗಲಿಕ್ಕೆ ಎಷ್ಟು ವರ್ಷ ಬಡಿದಾಡಿದರು! 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಬೀದಿಗೆ ಬಂದ ಮೇಲೆ ಸರ್ಕಾರದ ಬಾಯಿಂದ ಮಾತು ಹೊರಟಿತು. 2025ರ ಮೇ ದಿನ ಬೆಂಗಳೂರಿನಲ್ಲಿ 12,692 ಜನಕ್ಕೆ ಖಾಯಂ ಆದೇಶ ಕೈಗೆ ಬಂತು. ಸಂತೋಷ. ಸಣ್ಣ ಊರುಗಳ ಕಥೆ ಬೇರೆ. ಅಲ್ಲಿ ಯಾರ ಹೆಸರು ಪಟ್ಟಿಗೆ ಸೇರಬೇಕು ಅನ್ನೋದು ಆರೋಗ್ಯ ಶಾಖೆಯ ಒಂದು ಟೇಬಲ್ಲಿನ ಮೇಲೆ ತೀರ್ಮಾನವಾಗುತ್ತದೆ. ಆ ಟೇಬಲ್ಲಿನ ಈ ಕಡೆ ನಮ್ಮ ಅವ್ವ ಹೆಬ್ಬೆಟ್ಟು ಒತ್ತಿ ನಿಂತಿರುತ್ತಾಳೆ. ಓದಿದ ಮಗ ಹಾಸ್ಟೆಲಿನಲ್ಲಿ ಕರೆಂಟ್ ಅಫೇರ್ಸ್ ಓದುತ್ತಿರುತ್ತಾನೆ.

ಸವಣೂರು ಮರೆತುಹೋಯಿತೆ? 2010ರ ಜುಲೈ. ಹಾವೇರಿ ಜಿಲ್ಲೆಯ ಆ ಊರಿನಲ್ಲಿ ತಲೆಮಾರುಗಳಿಂದ ಊರ ಮಲ ಬಳಿದ ಭಂಗಿ ಕುಟುಂಬಗಳನ್ನು ಅವರಿದ್ದ ಜಾಗದಿಂದ ಎಬ್ಬಿಸಲು ಹೊರಟರು. ಅಲ್ಲಿ ವಾಣಿಜ್ಯ ಮಳಿಗೆ ಬರಬೇಕಿತ್ತು. ಹೇಳಿದ್ದಾಯಿತು, ಬೇಡಿದ್ದಾಯಿತು. ಕಡೆಗೆ ಅವರು ಪುರಸಭೆ ಕಚೇರಿಯ ಮುಂದೆ ನಿಂತು ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ಆಗ ನಾಡಿನ ಕಣ್ಣು ತೆರೆಯಿತು, ಮಂತ್ರಿಗಳು ಬಂದರು, ಪತ್ರಿಕೆಗಳು ಬರೆದವು. ನಾವು ಕೇಳೋದು ಇಷ್ಟೇ: ಮಳಿಗೆ ಕಟ್ಟುವ ಮಾತು ಆ ದಿನ ಬೆಳಿಗ್ಗೆ ಹುಟ್ಟಿದ್ದಲ್ಲವಲ್ಲ. ಇಂಥ ಮಾತುಗಳು ತಿಂಗಳಾನುಗಟ್ಟಲೆ ಕಾರ್ಯಸೂಚಿಯಲ್ಲಿ, ನಡಾವಳಿಯಲ್ಲಿ, ಟಿಪ್ಪಣಿಯಲ್ಲಿ ಓಡಾಡುತ್ತವೆ. ಓದು ಬಲ್ಲ ನಮ್ಮವರು ಯಾರಾದರೂ ಹಿಂದಿನ ಬೆಂಚಿನಲ್ಲಿ ಕೂತಿದ್ದರೆ, ಮೈಮೇಲೆ ಸುರಿದುಕೊಳ್ಳುವ ತನಕ ಅದು ಹೋಗಬೇಕಿತ್ತೆ?

"ನಮಗೆ ಮೀಸಲು ಸದಸ್ಯರಿದ್ದಾರಲ್ಲ, ಅವರು ನೋಡ್ಕೋತಾರೆ" ಅನ್ನುವವರಿಗೆ ಒಂದು ಮಾತು. ನಮ್ಮೂರ ಮೀಸಲು ವಾರ್ಡಿನಿಂದ ಗೆದ್ದಿರುವ ಅಕ್ಕ ಆ ದಿನ ಇಡೀ ಹೊತ್ತು ಬಾಯಿ ಬಿಡಲಿಲ್ಲ. ನಮಗೆ ಸಿಟ್ಟು ಬಂದಿತ್ತು. ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಹಿಡಿದು ಕೇಳಿದೆವು: ಯಾಕಕ್ಕಾ, ನಮ್ಮ ಕೇರಿ ನೀರಿನ ವಿಷಯಕ್ಕೆ ಒಂದು ಮಾತು ಆಡಲಿಲ್ವಲ್ಲ? ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಅಂದರು: "ನೀವು ಓದ್ದೋರು, ಕೇಳ್ತೀರ. ನಾ ಎದ್ದು ಕೇಳುದ್ರೆ ಮುಂದಿನ್ ತಿಂಗ್ಳಿಂದ ನನ್ ವಾರ್ಡಿನ್ ಕೆಲ್ಸ ಎಲ್ಲಾ ನಿಂತೋಯ್ತದೆ ಕಣ್ರಪ್ಪ. ನಾ ಎದ್ದ್ ನಿಂತ್ರೆ ನನ್ನಿಂದೆ ಯಾರವ್ರೆ?"

ನಾವು ಐದೂ ಜನ ಮಾತಿಲ್ಲದೆ ನಿಂತೆವು. ಸಿಟ್ಟು ನಮ್ಮ ಕಡೆಗೇ ತಿರುಗಿತ್ತು.

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಜನಸಂಖ್ಯೆಗೆ ತಕ್ಕಂತೆ ನಮಗೆ ಕುರ್ಚಿ ಕೊಟ್ಟಿತು. ಕಲಂ 243-ಟಿ ಏನು ಹೇಳುತ್ತೆ ಅಂದರೆ ಕೆ.ಎ.ಎಸ್. ಕನಸಿನ ನಮ್ಮ ಹಾಸ್ಟೆಲ್ ಹುಡುಗರು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ನಿಮ್ಮ ಕೇರಿ ಎಷ್ಟನೇ ವಾರ್ಡಿಗೆ ಸೇರಿದೆ ಅಂದರೆ ತಡಕಾಡುತ್ತಾರೆ. (ಇದನ್ನು ಬರೆಯುತ್ತಿರುವ ನಾವೂ ತಡಕಾಡಿದವರೇ.) ಕುರ್ಚಿಗಳನ್ನೇ ಖಾಲಿ ಇಡುವ ಕಲೆ ಬೇರೆ ಇದೆ. 2018ರಲ್ಲಿ ಗೆದ್ದ ಎಷ್ಟೋ ಪಟ್ಟಣಗಳ ಸದಸ್ಯರಿಗೆ ಅಧ್ಯಕ್ಷರ ಮೀಸಲಾತಿ ಪಟ್ಟಿಯ ಜಗಳದಲ್ಲಿ 2020ರ ತನಕ ಸಭೆಯೇ ಕೂಡಲಿಲ್ಲ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅದನ್ನು ಒಡೆದು 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆ ಮಾಡುವ ತನಕ ಐದು ವರ್ಷ ಅಷ್ಟು ದೊಡ್ಡ ಊರನ್ನು ಆಫೀಸರುಗಳೇ ಆಳಿದರು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಅನ್ನುವ ಕಲಮು ಆಗಲೂ ಅದೇ ಸಂವಿಧಾನದಲ್ಲೇ ಇತ್ತು. ಯಾರೂ ಇಲ್ಲದ ಸಭೆಗಿಂತ ಬಾಯಿ ಬಿಡದ ಅಕ್ಕ ಇರುವ ಸಭೆ ವಾಸಿ. ಅಲ್ಲಿ ಕಡೇ ಪಕ್ಷ ಮೆಟ್ಟಿಲ ಹತ್ತಿರ ಹಿಡಿದು ಕೇಳಬಹುದು.

ಹಾಸ್ಟೆಲಿಗೂ ಪುರಸಭೆಗೂ ಏನು ನಂಟು ಅನ್ನಬೇಡಿ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಒಂದೇ ಒಂದು ಮಾತಿಗೆ ಊರೂರಲ್ಲಿ ದೊಂಬಿ ಎದ್ದು, ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಕಲ್ಲು ಬಿತ್ತು. ಅವರು ಮಂತ್ರಿಗಿರಿ ಬಿಡಬೇಕಾಯಿತು. ನಾಡಿಗೆ ನೆನಪಿರುವುದು ಬೂಸಾ ಅನ್ನೋ ಶಬ್ದ. ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತದ ಖಾತೆ ಹಿಡಿದು, ತಲೆ ಮೇಲೆ ಮಲ ಹೊರುವುದನ್ನು ನಿಷೇಧ ಮಾಡಿದವರೂ ಅವರೇ. ಮಲದ ಬುಟ್ಟಿ ಇಳಿಸಿದ ಕೈ ಅದು, ಪುರಸಭೆಗಳಿಗೆ ಆಜ್ಞೆ ಬರೆದ ಕೈ. ಅವತ್ತು ಕಲ್ಲು ತಿಂದ ಹಾಸ್ಟೆಲ್ ಹುಡುಗರಿಂದಲೇ ಈ ಚಳವಳಿ ಬೆಳೆಯಿತು. ಬುಟ್ಟಿ ಇಳಿದ ಮೇಲೆ ಮ್ಯಾನ್‌ಹೋಲ್ ಬಂತು. 1993ರಲ್ಲೊಂದು ಕಾಯಿದೆ, 2013ರಲ್ಲಿ ಇನ್ನೊಂದು. ಗುಂಡಿಯಲ್ಲಿ ಸತ್ತವರ ಮನೆಗೆ 2014ರಲ್ಲಿ ಸುಪ್ರೀಂ ಕೋರ್ಟು 10 ಲಕ್ಷ ಅಂದಿತು, 2023ರಲ್ಲಿ 30 ಲಕ್ಷ ಅಂದಿತು. ಬೆಲೆ ಏರುತ್ತಿದೆ, ಇಳಿಯುವವರು ಮಾತ್ರ ಅದೇ ಕೇರಿಯವರು.

ಕೆಲಸದ ಮಾತಿಗೆ ಬರೋಣ. ಆ ಇಪ್ಪತ್ತೇಳನೇ ಸಬ್ಜೆಕ್ಟು ಈ ತಿಂಗಳ ಸಭೆಗೆ ಮತ್ತೆ ಬರಬೇಕು. ಬರದಿದ್ದರೆ ಯಾಕೆ ಬರಲಿಲ್ಲ ಅಂತ ಮುಖ್ಯಾಧಿಕಾರಿಗೆ ಕೊಡುವ ಪತ್ರ ನಮ್ಮ ಹತ್ತಿರ ತಯಾರಿದೆ. ಕಾಲೋನಿಯ ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಎರಡೂ ಹಾಕಿಸಿದ್ದೇವೆ. ಅಕ್ಕನ ಮನೆಗೂ ಹೋಗಿದ್ದೆವು. "ಎಷ್ಟ್ ಜನ ಬರ್ತೀರ?" ಅಂತ ಕೇಳಿದರು. ಐವತ್ತು ಅಂದುಬಿಟ್ಟಿದ್ದೇವೆ. ಹುಡುಗಿಯರ ಹಾಸ್ಟೆಲಿನಿಂದ ಹದಿನಾಲ್ಕು ಹೆಸರು ಬಂದಿದೆ, ಹುಡುಗರ ಎರಡು ಹಾಸ್ಟೆಲ್ ಸೇರಿ ಒಂಬತ್ತು. ಇದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇವೆ.

ಸಭೆಯ ನೋಟೀಸು ಅಂಟಿಸಿದ ದಿನವೇ ಹಾಸ್ಟೆಲಿನ ಊಟದ ಹಾಲಿನಲ್ಲಿ ತಾರೀಕು ಬರೆದು ಹಾಕುತ್ತೇವೆ. ಹತ್ತೂವರೆಗೆ ಪುರಸಭೆ ಗೇಟಿನ ಹತ್ತಿರ ಸೇರುವುದು. ಬ್ಯಾನರ್ ಬೇಡ, ಘೋಷಣೆ ಬೇಡ. ಒಂದು ನೋಟ್‌ಬುಕ್ಕು, ಒಂದು ಪೆನ್ನು, ಕಾಲೇಜಿನ ಗುರುತಿನ ಚೀಟಿ. ಅವರು ತಡಮಾಡಿ ಶುರುಮಾಡುತ್ತಾರೆ, ಆದ್ದರಿಂದ ತಿಂಡಿ ತಿಂದುಕೊಂಡು ಬನ್ನಿ. ಕಮಾನಿನ ಜಗಳ ಮುಗಿಯುವವರೆಗೂ ಏಳಬೇಡಿ; ನಮ್ಮದು ಕೊನೇ ಸಬ್ಜೆಕ್ಟು.