ಸಾಕ್ಷಿಯನ್ನು ಗುಜರಿಗೆ ಹಾಕಿದವರು ಯಾರು?

ಮಾಗಡಿ ತಾಲ್ಲೂಕಿನ ಕೆಂಪಾಪುರ. ಬೆಂಗಳೂರು ಕಟ್ಟಿದ ಹಿರಿಯ ಕೆಂಪೇಗೌಡರ ಸಮಾಧಿ ಇರುವ ಊರು. ಈ ಮಾತು ನಾಡಿಗೆ ತಿಳಿದದ್ದು 2015ರಲ್ಲಿ! ಪ್ರೊ. ಪ್ರಶಾಂತ್ ಮಾರೂರು ಅಲ್ಲಿನ ಶಾಸನ ಓದಿ ಹೇಳಬೇಕಾಯಿತು. ಕೆಂಪೇಗೌಡರು ಕಣ್ಮುಚ್ಚಿ ನಾಲ್ಕು ಶತಮಾನ ದಾಟಿತ್ತು. ಅಷ್ಟು ಕಾಲ ನಾವೆಲ್ಲ ಎಲ್ಲಿ ಮಲಗಿದ್ದೆವು?

ಕಲ್ಲಿಗೇ ಈ ಗತಿ. ಇನ್ನು ಕಾಗದದ ಪಾಡೇನು?

ಮಾಗಡಿ, ಚನ್ನಪಟ್ಟಣ, ಕನಕಪುರದ ಹಳೇ ಕಪ್ಪು-ಬಿಳುಪು ಫೋಟೊಗಳನ್ನು ಕೇಳಿಕೊಂಡು ಹೊರಡಿ. ಸ್ಟುಡಿಯೊ ಮುಚ್ಚಿತು, ನೆಗೆಟಿವ್ ತೂಕಕ್ಕೆ ಹೋಯಿತು ಅನ್ನುತ್ತಾರೆ. ಮನೆ ಕೆಡವಿದೆವು, ಫೋಟೊ ಮಣ್ಣಾಯಿತು ಅನ್ನುತ್ತಾರೆ. ಫಿಲ್ಮಿನೊಳಗಿನ ಚೂರು ಬೆಳ್ಳಿಗಾಗಿ ಊರಿನ ಮುಖವನ್ನೇ ಕರಗಿಸಿದರು. ಗಾಜಿನ ನೆಗೆಟಿವ್ ತೊಳೆದು ಕಿಟಕಿಗೆ ಕೂರಿಸಿದರು. ಯಾರೂ ತಡೆಯಲಿಲ್ಲ. ಯಾರಿಗೂ ನಾಚಿಕೆಯಾಗಲಿಲ್ಲ.

ಮೈಸೂರು ಸಂಸ್ಥಾನ 1885ರಲ್ಲೇ ಪುರಾತತ್ವ ಇಲಾಖೆ ಕಟ್ಟಿತು. ಅದರ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರ ಕಾಲದ ವಾರ್ಷಿಕ ವರದಿಗಳಲ್ಲಿ ಗುಡಿ, ವಿಗ್ರಹ, ಶಾಸನಗಳ ಚಿತ್ರಗಳು ಅಚ್ಚಾದವು. ಕರೆಂಟು ಕಾಣದ ಹಳ್ಳಿಗಳಿಗೆ ಭಾರದ ಕ್ಯಾಮೆರಾ ಹೊತ್ತುಕೊಂಡು ಹೋದ ಕಾಲ ಅದು. ಇವತ್ತು ಪ್ರತಿ ಜೇಬಿನಲ್ಲೂ ಕ್ಯಾಮೆರಾ ಇದೆ. ಪ್ರತಿ ಕಚೇರಿಯಲ್ಲೂ ಸ್ಕ್ಯಾನರ್ ಇದೆ. ಇಲ್ಲದಿರುವುದು ಮನಸ್ಸು.

ಹಂಪಿಯನ್ನು ನೋಡಿ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಅಲ್ಲಿ ಕಾಗದದ ನೆಗೆಟಿವ್ ಮೇಲೆ ಚಿತ್ರ ತೆಗೆದ. ಅವು ಉಳಿದವು. 1983ರಲ್ಲಿ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನಿತ್ತು, ಏನು ಹೋಯಿತು ಎಲ್ಲ ಕಣ್ಣಿಗೆ ಹೊಡೆಯುತ್ತದೆ. ಮಾಗಡಿ ಕೋಟೆಗೆ ಅಂಥ ಜೋಡಿ ಚಿತ್ರ ಯಾವ ಕಚೇರಿಯ ಗೋಡೆಯ ಮೇಲಿದೆ? ಅಲ್ಲಿನ ಸೋಮೇಶ್ವರ ದೇವಾಲಯಕ್ಕೆ? ಕೆಂಪಾಪುರದ ಸಮಾಧಿಗೆ?

ಹಳೇ ಫೋಟೊ ಬರೀ ನೆನಪಲ್ಲ. ಸಾಕ್ಷಿ. ಕಲ್ಲುಗಣಿ ನುಂಗಿದ ಬಂಡೆ ಹೇಗಿತ್ತೆಂದು ಅದು ಹೇಳುತ್ತದೆ. ಕೆರೆಯ ಅಂಚು ಎಲ್ಲಿತ್ತೆಂದು ಬೆರಳಿಟ್ಟು ತೋರಿಸುತ್ತದೆ. ಜೀರ್ಣೋದ್ಧಾರದ ಹೆಸರಲ್ಲಿ ಸಿಮೆಂಟು ಮೆತ್ತಿದವನ ಕೈ ಹಿಡಿಯುತ್ತದೆ. ಸಾಕ್ಷಿ ಸತ್ತರೆ ಯಾರಿಗೆ ಲಾಭ? ಬಂಡೆ ಒಡೆದವನಿಗೆ. ಕೆರೆ ನುಂಗಿದವನಿಗೆ. ಅವರಿಗೆ ನೆರಳಾಗಿ ನಿಂತವರಿಗೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 108 ಅಡಿ ಎತ್ತರದ ಕಂಚಿನ ಕೆಂಪೇಗೌಡರು 2022ರಲ್ಲಿ ನಿಂತರು. ನಿಲ್ಲಲಿ, ಅವರು ಅದಕ್ಕೆ ಅರ್ಹರು. 2025ರಲ್ಲಿ ಮಾಗಡಿ ಸೇರಿದ ರಾಮನಗರ ಜಿಲ್ಲೆಯ ಹೆಸರು ಬದಲಿಸಲು ಸಚಿವ ಸಂಪುಟವೇ ಕೂತಿತು. ಜಿಲ್ಲೆಯ ಹಳೇ ಚಿತ್ರಗಳನ್ನು ಕೂಡಿಸಲು ಯಾರು ಕೂತರು? ಕೆಂಪೇಗೌಡ ಜಯಂತಿಗೆ ಹಾರ ಹಾಕುವ ಕೈಗಳು ಒಂದು ಫೋಟೊಗೆ ಒಣ ಕಪಾಟು ಕೊಡಲಾರವೇ?

ನಾವೂ ತಪ್ಪಿತಸ್ಥರೇ. ಅಜ್ಜನ ಕಾಲದ ಜಾತ್ರೆಯ ಫೋಟೊ ಅಟ್ಟದಲ್ಲಿ ಗೆದ್ದಲಿಗೆ ಬಿಟ್ಟವರು ನಾವೇ. ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಟ್ ಮಾಡಿಸಿ ಶಾಶ್ವತವಾಗಿ ಕೆಡಿಸಿದವರೂ ನಾವೇ.

ಸಾಕು. ತಾಲ್ಲೂಕಿಗೊಂದು ಸಂಗ್ರಹ ಬೇಕು. ಮನೆಮನೆಯ ಫೋಟೊ ಅಲ್ಲೇ ಸ್ಕ್ಯಾನ್ ಆಗಬೇಕು, ಮೂಲ ಪ್ರತಿ ಮನೆಯವರಿಗೇ ಮರಳಬೇಕು. ಸ್ಮಾರಕಕ್ಕೆ ಗುದ್ದಲಿ ಮುಟ್ಟುವ ಮುನ್ನ ಪ್ರತಿ ಮೂಲೆಯ ಚಿತ್ರ ದಾಖಲಾಗಬೇಕು. ಕೆಂಪಾಪುರದಿಂದಲೇ ಶುರುವಾಗಲಿ.

ಅಧಿಕಾರ ತಾನಾಗಿ ಕಿವಿ ತೆರೆಯುವುದಿಲ್ಲ. ಗ್ರಾಮಸಭೆಯಲ್ಲಿ ಎದ್ದು ಕೇಳಿ. ಲಿಖಿತವಾಗಿ ಕೇಳಿ. ಉತ್ತರ ಬರುವವರೆಗೆ ಕೂರಬೇಡಿ. ಇಂದೇ ಅಟ್ಟ ಹತ್ತಿ, ಫೋಟೊ ಕೆಳಗಿಳಿಸಿ, ಬೆನ್ನಿಗೆ ಪೆನ್ಸಿಲಿನಲ್ಲಿ ಊರು, ಇಸವಿ, ಹೆಸರು ಬರೆಯಿರಿ. ಹೆಸರು ಹೇಳಬಲ್ಲ ಹಿರಿಯರು ನಾಳೆಗೆ ಇರುವುದಿಲ್ಲ.