ಕಾಗದ ಸರಿ, ತಂತಿ ಸರಿಯೇ?

ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡ (ಬಿ) ಪಟ್ಟಣದಲ್ಲಿದ್ದ ನಮ್ಮ ಹಿರಿಯರ ಮನೆಯನ್ನು ಮಾರಲು ಕಳೆದ ಬೇಸಿಗೆಯಲ್ಲಿ ಅಣ್ಣ ಮತ್ತು ನಾನು ನಿರ್ಧರಿಸಿದೆವು. ಮಕ್ಕಳೆಲ್ಲ ಹೈದರಾಬಾದ್, ಪುಣೆ ಸೇರಿದ್ದಾರೆ. ಊರಿನ ಮನೆಗೆ ಬೀಗವೇ ಗತಿಯಾಗಿತ್ತು. ಇ-ಖಾತಾ, ಋಣಭಾರ ಪ್ರಮಾಣಪತ್ರ, ತೆರಿಗೆ ರಸೀದಿ ಎಲ್ಲವೂ ಕ್ರಮಬದ್ಧವಾಗಿದ್ದವು. ಕೊಳ್ಳಲು ಬಂದವರು ಎರಡು ಚಿಕ್ಕ ಮಕ್ಕಳಿರುವ ಶಿಕ್ಷಕ ದಂಪತಿ. ಕಾಗದಪತ್ರಗಳನ್ನು ಅವರು ವಕೀಲರಿಂದ ಎರಡು ಬಾರಿ ಪರಿಶೀಲಿಸಿದರು. ಗೋಡೆಯ ಸ್ವಿಚ್ ಬೋರ್ಡಿನತ್ತ ಒಮ್ಮೆಯೂ ನೋಡಲಿಲ್ಲ.

ಕೂಲರ್ ಹಾಕುವ ಪ್ಲಗ್ ಸಡಿಲವಾಗಿದ್ದುದರಿಂದ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಬೋರ್ಡ್ ಬಿಚ್ಚಿದ ಅವರು ಹೇಳಿದ್ದು ಇಷ್ಟೇ: ‘ಸಾಹೇಬ್ರ, ಇದಕ್ಕ ಅರ್ಥಿಂಗೇ ಇಲ್ಲ ನೋಡ್ರಿ. ಮೂರನೇ ತೂತಿಗೆ ನ್ಯೂಟ್ರಲ್ ಜೋಡಿಸ್ಯಾರ.’ ಇಂಥ ಜೋಡಣೆಯಲ್ಲಿ ನ್ಯೂಟ್ರಲ್ ತಂತಿ ಎಲ್ಲಾದರೂ ತುಂಡಾದರೆ ಉಪಕರಣದ ಲೋಹದ ಮೈಯಲ್ಲೇ ವಿದ್ಯುತ್ ಹರಿಯುತ್ತದೆ. ಬೀದರ್ ಜಿಲ್ಲೆಯ ಬೇಸಿಗೆಯಲ್ಲಿ ತಗಡಿನ ಕೂಲರ್ ಬಹುತೇಕ ಮನೆಗಳ ಅನಿವಾರ್ಯತೆ. ಒಳಗೆ ನೀರು, ಹೊರಗೆ ಲೋಹ, ಕೆಳಗೆ ಒದ್ದೆ ನೆಲ. ಅದನ್ನು ಮುಟ್ಟುವ ಮಗುವಿನ ಗತಿಯನ್ನು ವಿವರಿಸಬೇಕಿಲ್ಲ. ಇನ್ನಷ್ಟು ಪರೀಕ್ಷಿಸಿದಾಗ ಫ್ಯೂಸಿನಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದ್ದುದೂ, ಹಳೆಯ ತಂತಿಗಳ ಹೊದಿಕೆ ಮುಟ್ಟಿದರೆ ಉದುರುವಂತಿದ್ದುದೂ ಕಂಡಿತು. ಈ ಮನೆಯಲ್ಲೇ ನಾವು ದಶಕಗಳ ಕಾಲ ನಿಶ್ಚಿಂತೆಯಿಂದ ನಿದ್ರಿಸಿದ್ದೆವು.

ಅಣ್ಣನಿಗೆ ವಿಷಯ ತಿಳಿಸಿದಾಗ ಬಂದ ಉತ್ತರ: ‘ಅವ್ನಿಗ್ಯಾಕ ಕರೆಸಿದಿ? ಕರೆಸಿಲ್ಲಂದ್ರ ನಮಗ ಗೊತ್ತೇ ಆಗ್ತಿದ್ದಿಲ್ಲ.’ ಅಣ್ಣ ಕೆಟ್ಟವನಲ್ಲ; ಆದರೆ ಆ ಮಾತಿನಲ್ಲಿ ನಮ್ಮ ಕಾನೂನಿನ ದೌರ್ಬಲ್ಯವೇ ಅಡಗಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ತನಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದ ಮತ್ತು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ಮಹತ್ವದ ದೋಷವನ್ನು ಮಾರುವವನು ತಿಳಿಸಲೇಬೇಕು. ‘ತಿಳಿದಿರುವ’ ಎಂಬ ಪದವನ್ನು ಗಮನಿಸಬೇಕು. ಪರೀಕ್ಷೆ ಮಾಡಿಸಿದವನ ಮೇಲೆ ಹೊಣೆ ಬೀಳುತ್ತದೆ. ಕಣ್ಣು ಮುಚ್ಚಿಕೊಂಡವನು ಪಾರಾಗುತ್ತಾನೆ. ಅಜ್ಞಾನವೇ ಲಾಭದಾಯಕವಾದ ವ್ಯವಸ್ಥೆ ಇದು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಬಳಸಿದ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಜಾರ್ಜ್ ಅಕರ್ಲಾಫ್ 1970ರಲ್ಲೇ ತೋರಿಸಿದಂತೆ, ಕೊಳ್ಳುವವನಿಗೆ ಗುಣಮಟ್ಟ ತಿಳಿಯದಿದ್ದಾಗ ಒಳ್ಳೆಯ ಸರಕಿಗೆ ಸರಿಯಾದ ಬೆಲೆ ಸಿಗುವುದಿಲ್ಲ. ಅವರಿಗೆ 2001ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು. ಸಾವಿರಾರು ರೂಪಾಯಿ ಖರ್ಚು ಮಾಡಿ ವೈರಿಂಗ್ ಬದಲಿಸಿದವನ ಮನೆಗೂ, ಸುಣ್ಣ ಬಣ್ಣ ಬಳಿದು ಮುಚ್ಚಿದವನ ಮನೆಗೂ ಒಂದೇ ಬೆಲೆಯಾದರೆ ಯಾರು ತಾನೇ ವೈರಿಂಗ್ ಬದಲಿಸಿಯಾರು? ವ್ಯತ್ಯಾಸವೆಂದರೆ ಇಲ್ಲಿ ನಷ್ಟವಾಗುವುದು ಹಣ ಮಾತ್ರವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಇತ್ತೀಚಿನ ವರ್ಷಗಳ ವರದಿಗಳಂತೆ ದೇಶದಲ್ಲಿ ವಿದ್ಯುದಾಘಾತದಿಂದ ಸಾಯುವವರ ಸಂಖ್ಯೆ ವರ್ಷಕ್ಕೆ ಹನ್ನೆರಡು ಸಾವಿರವನ್ನು ಮೀರುತ್ತದೆ. ಹೊಲದ ಪಂಪ್‌ಸೆಟ್, ಬೀದಿಯ ತಂತಿಗಳೂ ಈ ಲೆಕ್ಕದಲ್ಲಿವೆ, ನಿಜ. ಆದರೆ ಮನೆಯೊಳಗಿನ ಸಾವನ್ನು ತಡೆಯುವುದು ಎಲ್ಲಕ್ಕಿಂತ ಸುಲಭ.

ಫ್ರಾನ್ಸ್‌ನಲ್ಲಿ 2009ರಿಂದ ಈಚೆಗೆ, ವಿದ್ಯುತ್ ವ್ಯವಸ್ಥೆ 15 ವರ್ಷಕ್ಕಿಂತ ಹಳೆಯದಾಗಿದ್ದರೆ ಮನೆ ಮಾರುವವನು ತಪಾಸಣಾ ವರದಿ ನೀಡಲೇಬೇಕು. ದೋಷವಿದ್ದರೆ ಮಾರಾಟ ನಿಲ್ಲುವುದಿಲ್ಲ. ಕೊಳ್ಳುವವನು ತಿಳಿದು ಕೊಳ್ಳುತ್ತಾನೆ, ಅಷ್ಟೆ. ಇಂಗ್ಲೆಂಡಿನಲ್ಲಿ 2020ರ ನಿಯಮಗಳು ಬಾಡಿಗೆ ಮನೆಗಳಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆಯನ್ನು ಕಡ್ಡಾಯಗೊಳಿಸಿವೆ.

ನಮ್ಮಲ್ಲಿ ಹೊಸ ವಿದ್ಯುತ್ ಸಂಪರ್ಕ ಪಡೆಯುವಾಗ ಪರವಾನಗಿ ಹೊಂದಿದ ಗುತ್ತಿಗೆದಾರರ ವೈರಿಂಗ್ ವರದಿ ಬೇಕು. ನಲವತ್ತು ವರ್ಷದ ನಂತರ ಮನೆ ಕೈ ಬದಲಾಗುವಾಗಲೂ ಅಂಥದೇ ವರದಿಯನ್ನು ಕ್ರಯಪತ್ರದೊಂದಿಗೆ ಲಗತ್ತಿಸುವಂತೆ ಮಾಡಲು ದೊಡ್ಡ ಇಲಾಖೆಯೇನೂ ಬೇಕಿಲ್ಲ. ಅರ್ಥಿಂಗ್ ಇದೆಯೇ, ಮೆಗ್ಗರ್ ಉಪಕರಣ ತೋರಿಸಿದ ತಂತಿ ಹೊದಿಕೆಯ ಅಳತೆ ಎಷ್ಟು, 30 ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿತಗೊಳಿಸುವ ಆರ್‌ಸಿಸಿಬಿ ಇದೆಯೇ ಎಂಬ ವಿವರಗಳಿರುವ ಒಂದು ಹಾಳೆ ಸಾಕು.

ಇದು ಇನ್ನೊಂದು ಲಂಚದ ಬಾಗಿಲಾಗದೇ ಎಂದು ಓದುಗರು ಕೇಳಬಹುದು. ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದ ನನಗೂ ಆ ಆತಂಕವಿದೆ. ಆದ್ದರಿಂದಲೇ ಅದು ಅಧಿಕಾರಿಯ ಅನುಮತಿಪತ್ರವಾಗಿರಕೂಡದು. ಪರೀಕ್ಷಿಸಿದವನ ಸಹಿ, ಪರವಾನಗಿ ಸಂಖ್ಯೆ, ಅಳತೆಗಳಿರುವ ತಿಳಿವಳಿಕೆ ಪತ್ರವಾಗಿರಬೇಕು. ಸುಳ್ಳು ವರದಿ ಕೊಟ್ಟರೆ ಪರವಾನಗಿ ಹೋಗಬೇಕು. ಸಣ್ಣ ಮನೆಗಳಿಗೆ ಇದು ಹೊರೆಯಾಗದಂತೆ ಸರ್ಕಾರವೇ ಶುಲ್ಕ ಭರಿಸಬಹುದು. 2023ರಲ್ಲಿ ಆರಂಭವಾದ ಗೃಹಜ್ಯೋತಿಯಡಿ ತಿಂಗಳಿಗೆ 200 ಯೂನಿಟ್‌ವರೆಗಿನ ವಿದ್ಯುತ್ತಿಗೆ ಹಣ ಕೊಡುವ ಸರ್ಕಾರಕ್ಕೆ ಆ ವಿದ್ಯುತ್ ಹರಿಯುವ ತಂತಿಯ ಬಗೆಗೂ ಕಾಳಜಿ ಇರಬೇಕಲ್ಲವೇ?

ಕೊನೆಗೆ ಅಣ್ಣನೂ ಒಪ್ಪಿದ. ಎಲೆಕ್ಟ್ರಿಷಿಯನ್ ಬರೆದುಕೊಟ್ಟ ವರದಿಯನ್ನು ಶಿಕ್ಷಕ ದಂಪತಿಯ ಕೈಗಿತ್ತು, ಹೊಸ ವೈರಿಂಗ್‌ಗೆ ತಗಲುವ ವೆಚ್ಚವನ್ನು ಬೆಲೆಯಲ್ಲಿ ಇಳಿಸಿದೆವು. ಅದು ಮುಗಿಯುವವರೆಗೆ ಮನೆ ಪ್ರವೇಶಿಸಬೇಡಿ ಎಂದು ವಿನಂತಿಸಿದೆವು. ನೋಂದಣಿಯ ದಿನ ಹತ್ತಾರು ಕಾಗದಗಳ ಪರಿಶೀಲನೆಯಾಯಿತು. ಆ ವರದಿಯನ್ನು ಮಾತ್ರ ಯಾರೂ ಕೇಳಲಿಲ್ಲ; ಕೇಳಬೇಕೆಂಬ ನಿಯಮವೇ ಇಲ್ಲ. ಆ ನಿಯಮ ಬರಬೇಕು.