ಬಾನೆಟ್ ಕೆಳಗಿನ ಅಡ್ಡಪಟ್ಟಿ: ‘ಸ್ಟ್ರಟ್ ಬಾರ್’ ಹಾಕಿಸಿದರೆ ಕಾರು ಪಲ್ಟಿ ಆಗುವುದಿಲ್ಲವೇ?

ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ಈ ಬದಿಯಿಂದ ಆ ಬದಿಗೆ ಕೆಂಪು ಬಣ್ಣದ ಹೊಳೆಯುವ ಪಟ್ಟಿ. ಅಂಥ ವಿಡಿಯೋ ಕೆಳಗೆ ನಾಲ್ಕು ಸಾಲು: ಇದನ್ನು ಹಾಕಿಸಿದರೆ ನಿಮ್ಮ ಕಾರೂ ಸ್ಪೋರ್ಟ್ಸ್ ಕಾರ್ ಆಗುತ್ತದೆ, ಎಷ್ಟು ಸ್ಪೀಡಲ್ಲಿ ಹೋದರೂ ಪಲ್ಟಿ ಆಗಲ್ಲ, ಗುಂಡಿಗೆ ಇಳಿದರೂ ಶಾಕ್ ಹೋಗಲ್ಲ, ಮೈಲೇಜೂ ಜಾಸ್ತಿ. ಕಾರು ಪ್ರಿಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಮಾತು ಓಡಾಡುತ್ತಲೇ ಇರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿ ಮನೆ ಮುಂದೆಯೇ ಹಾದುಹೋಗುವ ಬಿಡದಿ, ರಾಮನಗರ, ಚನ್ನಪಟ್ಟಣದವರಿಗೆ ಅದರಲ್ಲೂ ‘ಪಲ್ಟಿ ಆಗಲ್ಲ’ ಎನ್ನುವ ಸಾಲು ಕಣ್ಣಿಗೆ ಬೀಳದೇ ಇರದು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಸ್ಟ್ರಟ್ ಬಾರ್ ಸುಳ್ಳು ವಸ್ತುವಲ್ಲ, ಕೆಲವು ಕಾರುಗಳಲ್ಲಿ ಅದು ಒಂದು ಸಣ್ಣ ಕೆಲಸವನ್ನು ನಿಜವಾಗಿಯೂ ಮಾಡುತ್ತದೆ. ಆದರೆ ಮೇಲಿನ ನಾಲ್ಕು ಮಾತುಗಳಲ್ಲಿ ಒಂದೂ ಆ ಕೆಲಸವಲ್ಲ.

ಹಾಗಾದರೆ ಅದರ ಕೆಲಸವೇನು?

ಇವತ್ತಿನ ಬಹುತೇಕ ಸಣ್ಣ ಮತ್ತು ಮಧ್ಯಮ ಕಾರುಗಳ ಮುಂದಿನ ಚಕ್ರಗಳಿಗೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಏರ್ಪಾಡು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ್ದು. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡನ್ನೂ ಒಂದೇ ಉದ್ದನೆಯ ಕಂಬದಂತೆ ಜೋಡಿಸಿ, ಕೆಳತುದಿಯನ್ನು ಚಕ್ರಕ್ಕೂ ಮೇಲ್ತುದಿಯನ್ನು ಕಾರಿನ ಬಾಡಿಗೂ ಕಟ್ಟಲಾಗುತ್ತದೆ. ಬಾನೆಟ್ ತೆರೆದಾಗ ಎಡಕ್ಕೊಂದು ಬಲಕ್ಕೊಂದು ಗುಮ್ಮಟದಂಥ ಉಬ್ಬು, ಅದರ ಮೇಲೆ ಸಾಮಾನ್ಯವಾಗಿ ಎರಡೋ ಮೂರೋ ನಟ್ಟುಗಳು ಕಾಣುತ್ತವಲ್ಲ, ಆ ಮೇಲ್ತುದಿ ಕೂತಿರುವುದು ಅಲ್ಲೇ. ಅದಕ್ಕೆ ಸ್ಟ್ರಟ್ ಟವರ್ ಎನ್ನುತ್ತಾರೆ.

ಮದುವೆ ಮನೆಯ ಚಪ್ಪರ ನೆನಪಿಸಿಕೊಳ್ಳಿ. ಎರಡು ಕಂಬ ನೆಟ್ಟು ಒಂದರ ತಲೆಯನ್ನು ಪಕ್ಕಕ್ಕೆ ನೂಕಿದರೆ ಅದೊಂದೇ ವಾಲುತ್ತದೆ. ಎರಡರ ತಲೆಗೂ ಸೇರಿಸಿ ಒಂದು ಅಡ್ಡಗಳು ಕಟ್ಟಿದರೆ, ನೂಕಿದ ಬಲವನ್ನು ಇನ್ನೊಂದು ಕಂಬವೂ ಹಂಚಿಕೊಳ್ಳುತ್ತದೆ. ಸ್ಟ್ರಟ್ ಬಾರ್ ಅಂದರೆ ಈ ಅಡ್ಡಗಳು, ಅಷ್ಟೆ. ಕಾರು ಜೋರಾಗಿ ತಿರುಗುವಾಗ ಹೊರಬದಿಯ ಚಕ್ರದ ಮೇಲೆ ಭಾರ ಬಿದ್ದು, ಆ ಬದಿಯ ಟವರ್ ಕೂದಲೆಳೆಯಷ್ಟು ಒಳಕ್ಕೆ ಬಾಗುತ್ತದೆ. ಟವರ್ ಬಾಗಿದರೆ ಚಕ್ರ ನಿಂತ ಕೋನವೂ ಬದಲಾಗಿ, ಟೈರು ರಸ್ತೆಗೆ ಪೂರ್ತಿ ಅಂಟುವ ಬದಲು ಅಂಚಿನ ಮೇಲೆ ಉರುಳುತ್ತದೆ. ಬಾರ್ ಇದನ್ನು ಒಂದಿಷ್ಟು ತಡೆಯುತ್ತದೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಮುಂಭಾಗ ಚುರುಕಾಗಿ ತಿರುಗಿದಂತೆ ಅನ್ನಿಸುವುದು ಇದರಿಂದಲೇ.

ಎಷ್ಟು ತಡೆಯುತ್ತದೆ ಎನ್ನುವುದು ಮುಖ್ಯ. ಕಂಬ ಸುಮಾರು 600 ಮಿಲಿಮೀಟರ್ ಎತ್ತರ ಎಂದುಕೊಂಡರೆ, ಅದರ ತಲೆ ಒಂದು ಮಿಲಿಮೀಟರ್ ಬಾಗಿದಾಗ ಚಕ್ರದ ಕೋನ ಬದಲಾಗುವುದು ಸುಮಾರು 0.1 ಡಿಗ್ರಿ. ಗುಂಡಿಗೆ ಬಿದ್ದು ಅಲೈನ್‌ಮೆಂಟ್ ಕೆಟ್ಟಿದ್ದರೆ, ಇಲ್ಲವೇ ರಬ್ಬರ್ ಬುಷ್ ಸವೆದಿದ್ದರೆ ಚಕ್ರ ಅದಕ್ಕಿಂತ ಹೆಚ್ಚು ಓರೆಯಾಗಿರಬಹುದು. ಹಳೆಯ ಕಾರುಗಳ ತಗಡಿನ ಬಾಡಿ ಹೆಚ್ಚು ಬಾಗುತ್ತಿತ್ತು, ಹಾಗಾಗಿ ಅವುಗಳಲ್ಲಿ ಬಾರ್ ಹಾಕಿದ ವ್ಯತ್ಯಾಸ ಗೊತ್ತಾಗುತ್ತಿತ್ತು. ಈಗ ಗಟ್ಟಿ ಉಕ್ಕು ಹೆಚ್ಚು ಬಳಸುತ್ತಾರೆ. ಅನೇಕ ಕಾರುಗಳಲ್ಲಿ ಟವರ್‌ಗಳು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಅಡ್ಡಗೋಡೆಗೆ ಹತ್ತಿಕೊಂಡೇ ಇರುತ್ತವೆ. ಕಂಪನಿಯೇ ಅಡ್ಡಗಳು ಕಟ್ಟಿ ಕೊಟ್ಟ ಹಾಗೆ.

ಬಿಡದಿಯಿಂದಲೇ ಒಂದು ಉದಾಹರಣೆ

ಇದು ಎಲ್ಲ ಗಾಡಿಗೂ ಹೊಂದುವ ವಸ್ತುವೂ ಅಲ್ಲ. ಬಿಡದಿಯ ಟೊಯೋಟಾ ಕಾರ್ಖಾನೆಯನ್ನೇ ನೋಡಿ. 1999ರ ಕೊನೆಗೆ ಕ್ವಾಲಿಸ್‌ನೊಂದಿಗೆ ಕೆಲಸ ಆರಂಭಿಸಿದ ಆ ಕಾರ್ಖಾನೆಯಲ್ಲಿ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಇನ್ನೋವಾ ಹೈಕ್ರಾಸ್ ಮೂರೂ ತಯಾರಾಗುತ್ತವೆ. ಕ್ರಿಸ್ಟಾ ಮತ್ತು ಫಾರ್ಚುನರ್ ಲಾರಿಯಂತೆ ಬೇರೆ ಚಾಸಿಸ್ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಅವುಗಳ ಮುಂದಿನ ಚಕ್ರಗಳಿಗಿರುವುದು ಡಬಲ್ ವಿಶ್‌ಬೋನ್ ಏರ್ಪಾಡು, ಸ್ಪ್ರಿಂಗ್‌ನ ಮೇಲ್ತುದಿ ಕೂತಿರುವುದು ಚಾಸಿಸ್ ಮೇಲೆ. ಅಂಥ ಗಾಡಿಯ ಬಾಡಿಗೆ ಅಡ್ಡಪಟ್ಟಿ ಕಟ್ಟಿದರೆ ಚಕ್ರದ ಕೋನಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹೈಕ್ರಾಸ್ ಮಾತ್ರ ಚಾಸಿಸ್ ಇಲ್ಲದ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಗಾಡಿ, ಅಲ್ಲಿ ತಾತ್ವಿಕವಾಗಿ ಬಾರ್‌ಗೆ ಕೆಲಸವಿದೆ. ಒಂದೇ ಊರಿನಲ್ಲಿ ತಯಾರಾದ ಎರಡು ಇನ್ನೋವಾಗಳಿಗೇ ಉತ್ತರ ಬೇರೆಬೇರೆ. ‘ಎಲ್ಲ ಕಾರಿಗೂ ಹಾಕಬಹುದು’ ಎನ್ನುವ ಜಾಹೀರಾತು ಕಂಡರೆ ಅಲ್ಲಿಗೇ ಅನುಮಾನಿಸಬಹುದು.

ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಇರುತ್ತದಲ್ಲ ಎಂದು ಕೇಳಬಹುದು. ಇರುತ್ತದೆ. 2014ರಲ್ಲಿ ಬಂದ ಬಿಎಂಡಬ್ಲ್ಯು ಎಂ3 ಮತ್ತು ಎಂ4 ಕಾರುಗಳಿಗೆ ಕಂಪನಿಯೇ ಒಂದೂವರೆ ಕಿಲೋದಷ್ಟು ತೂಕದ ಕಾರ್ಬನ್ ಫೈಬರ್ ಪಟ್ಟಿ ಕೊಟ್ಟಿತ್ತು. ಆದರೆ ಆ ಕಾರಿನ ಟೈರು, ಬ್ರೇಕು, ಸ್ಪ್ರಿಂಗು, ಬಾಡಿ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದ ಮೇಲೆ ಉಳಿದ ಕೊನೆಯ ಸಣ್ಣ ಸುಧಾರಣೆ ಅದು. ಮೊದಲಿನ ಯಾವುದನ್ನೂ ಮುಟ್ಟದೆ ಕೊನೆಯದನ್ನು ಮಾತ್ರ ತಂದು ಹಾಕಿದರೆ ಬಾನೆಟ್ ಎತ್ತಿದಾಗ ಚೆಂದ ಕಾಣುತ್ತದೆ. ಚೆಂದಕ್ಕೆ ಎಂದು ಹಾಕಿಸುವವರ ಜೊತೆ ನಮಗೆ ಜಗಳವಿಲ್ಲ.

ಹೆದ್ದಾರಿಯಲ್ಲಿ ಅದು ಕೆಲಸ ಮಾಡುವ ಸಂದರ್ಭವೇ ಬರುವುದಿಲ್ಲ

ಬಾರ್ ಕೆಲಸ ಮಾಡಬೇಕಾದರೆ ಕಾರನ್ನು ಪಕ್ಕಕ್ಕೆ ತಳ್ಳುವ ಬಲ ದೊಡ್ಡದಿರಬೇಕು. ಆ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ತಿರುವು ವಿಶಾಲವಾದಷ್ಟೂ ಇಳಿಯುತ್ತದೆ. ಹೆದ್ದಾರಿಯಲ್ಲಿ 700 ಮೀಟರ್ ತ್ರಿಜ್ಯದ ಉದ್ದನೆಯ ತಿರುವನ್ನು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಾದರೆ, ಪಕ್ಕದ ಬಲ ಕಾರಿನ ತೂಕದ ಹತ್ತನೇ ಒಂದಂಶಕ್ಕಿಂತ ಸ್ವಲ್ಪ ಹೆಚ್ಚು. ಕಪ್ಪಿನಲ್ಲಿರುವ ಕಾಫಿ ಸ್ವಲ್ಪ ಓರೆಯಾಗುವಷ್ಟು. ಟವರ್ ಬಾಗುವ ಮಾತೇ ಇಲ್ಲ.

ಅದೇ ಮಾಗಡಿ ಕಡೆಯ ಗುಡ್ಡದ ರಸ್ತೆಯಲ್ಲೋ, ಕನಕಪುರ ದಾಟಿ ಸಂಗಮದ ಕಡೆ ಇಳಿಯುವಾಗಲೋ 30 ಮೀಟರ್ ತ್ರಿಜ್ಯದ ತಿರುವು ಸಿಕ್ಕಿತು ಎನ್ನಿ. ಅಲ್ಲಿ 40ರ ವೇಗದಲ್ಲೇ ಪಕ್ಕದ ಬಲ ತೂಕದ ಶೇ 40 ದಾಟುತ್ತದೆ, ಹಿಂದೆ ಕೂತವರು ‘ನಿಧಾನ’ ಎಂದು ಕೂಗುವ ಮಟ್ಟ. ಬಾರ್‌ಗೆ ಒಂದಿಷ್ಟು ಕೆಲಸ ಸಿಗುವುದು ಇಲ್ಲಿ. 60ರಲ್ಲಿ ಅದೇ ತಿರುವು ಹಿಡಿದರೆ ಬಲ ತೂಕದ ಶೇ 90 ದಾಟುತ್ತದೆ. ಸಾಮಾನ್ಯ ಟೈರು ಹಿಡಿತ ಬಿಡುವುದು ಆ ಸುಮಾರಿಗೆ. ಬಾರ್ ಇದ್ದರೂ ಕಾರು ಜಾರುತ್ತದೆ.

ಪಲ್ಟಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಕಾರು ಉರುಳುತ್ತದೋ ಇಲ್ಲವೋ ಎನ್ನುವುದನ್ನು ನಿರ್ಧರಿಸುವುದು ಎರಡು ಅಳತೆ: ಎಡ–ಬಲ ಚಕ್ರಗಳ ನಡುವಿನ ಅಗಲ, ನೆಲದಿಂದ ಗುರುತ್ವ ಕೇಂದ್ರದ ಎತ್ತರ. ಸ್ಟ್ರಟ್ ಬಾರ್ ಎರಡನ್ನೂ ಬದಲಿಸುವುದಿಲ್ಲ. ಮೇಲಾಗಿ ಬಹುತೇಕ ಕಾರುಗಳು ಉರುಳುವುದು ಸಮತಟ್ಟು ಡಾಂಬರಿನ ಮೇಲಲ್ಲ. ಪಕ್ಕಕ್ಕೆ ಜಾರಿದ ಕಾರಿನ ಚಕ್ರ ಡಿವೈಡರ್ ಅಂಚಿಗೋ, ರಸ್ತೆ ಬದಿಯ ಮಣ್ಣಿಗೋ ಸಿಕ್ಕಿ ಎಡವಿದಾಗ.

ಗುಂಡಿಯ ಮಾತೂ ಹೀಗೇ. ಗುಂಡಿ ಹೊಡೆಯುವುದು ಕೆಳಗಿನಿಂದ ಮೇಲಕ್ಕೆ, ಬಾರ್ ಇರುವುದು ಅಡ್ಡಕ್ಕೆ. ಶಾಕ್ ಅಬ್ಸಾರ್ಬರ್‌ಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ಮೈಲೇಜಿನ ಬಗ್ಗೆ ಹೇಳುವುದಕ್ಕೆ ಹೆಚ್ಚಿಲ್ಲ: ಕಾರಿನ ತೂಕ ಒಂದೆರಡು ಕಿಲೋ ಹೆಚ್ಚುತ್ತದೆ.

ಅಪಾಯ ಇರುವ ಜಾಗ

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೈಸೂರು ಹೆದ್ದಾರಿಯಲ್ಲಿ ಅಪಘಾತಗಳು ಸುದ್ದಿಯಾದ ಮೇಲೆ ಏನೇನು ಮಾಡಿದರು ನೆನಪಿಸಿಕೊಳ್ಳಿ. ಕಾರುಗಳಿಗೆ 100 ಕಿಲೋಮೀಟರ್ ವೇಗಮಿತಿ, ವೇಗ ಅಳೆಯುವ ಉಪಕರಣ, ದಂಡ. ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯಲ್ಲಿ ನಿಷೇಧ. ಎಲ್ಲವೂ ವೇಗಕ್ಕೆ ಸಂಬಂಧಿಸಿದ್ದೇ. ಕಾರಣ ಲೆಕ್ಕದಲ್ಲೇ ಇದೆ: 100ರಿಂದ 120ಕ್ಕೆ ಏರಿದರೆ ಕಾರಿನ ಚಲನಶಕ್ತಿ ಶೇ 44ರಷ್ಟು ಹೆಚ್ಚುತ್ತದೆ, 140ಕ್ಕೆ ಏರಿದರೆ ಹೆಚ್ಚುಕಡಿಮೆ ಇಮ್ಮಡಿ. 120ರಲ್ಲಿರುವ ಚಾಲಕ ಮುಂದಿನ ಲಾರಿಯನ್ನು ನೋಡಿ ಬ್ರೇಕ್ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ತೆಗೆದುಕೊಂಡರೆ, ಬ್ರೇಕ್ ಹಿಡಿಯುವ ಮೊದಲೇ 50 ಮೀಟರ್ ಸಾಗಿರುತ್ತಾನೆ. ಸ್ಟೀರಿಂಗ್ ಚುರುಕಾಗಿದೆ, ಕಾರು ಈಗ ‘ಸೆಟ್’ ಆಗಿದೆ ಎಂಬ ಧೈರ್ಯ ಈ ಯಾವ ಸಂಖ್ಯೆಯನ್ನೂ ಬದಲಿಸುವುದಿಲ್ಲ. ಆದರೆ ಆ ಧೈರ್ಯದಲ್ಲಿ ಕಾಲು ಇನ್ನೊಂದಿಷ್ಟು ಕೆಳಗೆ ಹೋಗಬಹುದು. ಸುಳ್ಳು ಫಾರ್ವರ್ಡ್‌ನಲ್ಲಿ ನಮಗೆ ಭಯವಿರುವುದು ಇದೊಂದಕ್ಕೇ.

ಮಳೆಗಾಲದ್ದು ಇನ್ನೊಂದು ಕತೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಈ ಹೆದ್ದಾರಿಯೇ ಮುಳುಗಿತ್ತು. ಅಷ್ಟು ನೀರು ಬೇಕಿಲ್ಲ, ರಸ್ತೆ ಮೇಲೆ ತೆಳುವಾಗಿ ನಿಂತ ನೀರೇ ಸಾಕು, ವೇಗ ಹೆಚ್ಚಾದರೆ ಟೈರು ಅದರ ಮೇಲೆ ತೇಲುತ್ತದೆ. ವಿಮಾನದ ಚಕ್ರಗಳಿಗಾಗಿ ನಾಸಾ ಸಂಶೋಧಕರು 1960ರ ದಶಕದಲ್ಲಿ ಕೊಟ್ಟ ಒಂದು ಸೂತ್ರದ ಪ್ರಕಾರ 32 ಪಿಎಸ್‌ಐ ಗಾಳಿ ಇರುವ ಟೈರು ಸುಮಾರು 94 ಕಿಲೋಮೀಟರ್ ವೇಗದಲ್ಲಿ ತೇಲಲು ಶುರುಮಾಡುತ್ತದೆ, ಗಾಳಿ 24ಕ್ಕೆ ಇಳಿದಿದ್ದರೆ ಸುಮಾರು 82ರಲ್ಲೇ. ಕಾರಿನ ಟೈರಿನಲ್ಲಿ ಗೆರೆಗಳ ಆಳ, ಟೈರಿನ ಅಗಲ ಎಲ್ಲ ಸೇರಿ ಈ ಅಂಕಿ ಆಚೀಚೆ ಆಗುತ್ತದೆ. ಆದರೆ ದಿಕ್ಕು ಸ್ಪಷ್ಟ: ಗಾಳಿ ಕಡಿಮೆ, ಗೆರೆ ಸವೆದಿದೆ, ನೀರಿದೆ ಎಂದರೆ 100ರ ಮಿತಿಯೊಳಗೇ ಕಾರು ಹಿಡಿತ ತಪ್ಪಬಹುದು. ತೇಲುವ ಟೈರಿಗೆ ಮೇಲೆ ಯಾವ ಪಟ್ಟಿ ಕಟ್ಟಿದರೂ ಒಂದೇ.

ಬಾರ್ ಹಾಕುವುದರಲ್ಲಿ ಕೆಡುಕು ಇರಬಹುದೇ? ಎರಡು ಸಂಗತಿ ಗಮನಿಸಬೇಕು. ಡಿಕ್ಕಿಯಾದಾಗ ಕಾರಿನ ಮುಂಭಾಗ ಎಲ್ಲಿ, ಎಷ್ಟು ಕುಸಿಯಬೇಕು ಎಂದು ಕಂಪನಿ ಲೆಕ್ಕ ಹಾಕಿರುತ್ತದೆ. 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಸ್ಟಾರ್ ಕೊಡುವುದೂ ಕಂಪನಿಯಿಂದ ಬಂದ ಹಾಗೇ ಇರುವ ಕಾರಿಗೆ. ಎರಡೂ ಟವರ್ ಕಟ್ಟಿಹಾಕಿದರೆ ಒಂದು ಬದಿಗೆ ಬಿದ್ದ ಪೆಟ್ಟು ಇನ್ನೊಂದು ಬದಿಯ ಟವರನ್ನೂ ಎಳೆಯಬಹುದು, ರಿಪೇರಿ ಬಿಲ್ ಏರಬಹುದು. ಎರಡನೆಯದು ಪಾದಚಾರಿಗಳದ್ದು. ಬಾನೆಟ್ ತಗಡಿನ ಕೆಳಗೆ ಖಾಲಿ ಜಾಗ ಬಿಟ್ಟಿರುವುದು ಡಿಕ್ಕಿಯಾದವರ ತಲೆ ಬಡಿದಾಗ ತಗಡು ಒಳಕ್ಕೆ ತಗ್ಗಲಿ ಎಂದು. ಆ ಜಾಗದಲ್ಲಿ ಉಕ್ಕಿನ ಪಟ್ಟಿ ಬಂದರೆ ಮೆತ್ತನೆಯ ಜಾಗ ಗಟ್ಟಿಯಾಗುತ್ತದೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆಯನ್ನು ಅದು ‘ಮಾರ್ಪಾಡು’ ಎನ್ನುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇರುವ ನಟ್ಟುಗಳಿಗೇ ಕೂರಿಸಿ ಮತ್ತೆ ಬಿಚ್ಚಬಹುದಾದ ಬಾರ್ ಆರ್‌ಸಿಯ ಯಾವ ವಿವರವನ್ನೂ ಬದಲಿಸುವುದಿಲ್ಲ. ಟವರ್‌ಗೆ ತೂತು ಕೊರೆದು, ವೆಲ್ಡಿಂಗ್ ಮಾಡಿ ಕೂರಿಸಿದರೆ ಮಾತು ಬೇರೆ. ಎರಡರಲ್ಲಿ ಯಾವುದೇ ಆದರೂ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ವಾರಂಟಿ ಪುಸ್ತಕ ಓದಿಯೇ ಮುಂದುವರಿಯುವುದು ಒಳ್ಳೆಯದು.

ಇಷ್ಟಾದರೂ ಹಾಕಿಸುವವರು ನಿಮ್ಮ ಮಾಡೆಲ್‌ಗೆಂದೇ ಮಾಡಿದ್ದನ್ನು ನೋಡಿ ಕೊಳ್ಳಿ. ಪಟ್ಟಿ ಆದಷ್ಟು ನೇರವಾಗಿರಲಿ, ಎಂಜಿನ್ ತಪ್ಪಿಸಲು ಬಿಲ್ಲಿನಂತೆ ಬಾಗಿದ ಪಟ್ಟಿ ಒತ್ತಿದರೆ ಇನ್ನಷ್ಟು ಬಾಗುತ್ತದೆ. ಎರಡೂ ತುದಿಯ ಕೀಲು ಅಲುಗಾಡುತ್ತಿದ್ದರೆ ಅದು ಬರೀ ಅಲಂಕಾರ. ಮನೆಯಲ್ಲೇ ಸ್ಪ್ಯಾನರ್ ಹಿಡಿಯುವವರಿಗೆ ಒಂದು ಎಚ್ಚರಿಕೆ: ಟವರ್ ಮೇಲೆ ಅಂಚಿನಲ್ಲಿರುವ ಸಣ್ಣ ನಟ್ಟುಗಳು ಬೇರೆ, ನಡುವಿನ ದೊಡ್ಡ ನಟ್ಟು ಬೇರೆ. ನಡುವಿನದು ಒತ್ತಿ ಹಿಡಿದ ಸ್ಪ್ರಿಂಗನ್ನು ಕಟ್ಟಿಟ್ಟಿರುತ್ತದೆ. ಅದನ್ನು ಬಿಚ್ಚಿದರೆ ಕೈ, ಮುಖಕ್ಕೆ ಅಪಾಯ, ಮುಟ್ಟಲೇಬೇಡಿ.

ಅದೇ ಹಣಕ್ಕೆ ಅಲೈನ್‌ಮೆಂಟ್ ಮಾಡಿಸಬಹುದು, ಸವೆದ ಬುಷ್ ಬದಲಿಸಬಹುದು. ಟೈರು ನೋಡಲು ಹಣವೇ ಬೇಡ. ಗೆರೆಯ ಆಳ 1.6 ಮಿಲಿಮೀಟರ್‌ಗೆ ಇಳಿದರೆ ಕಾನೂನಿನ ಪ್ರಕಾರವೇ ಆ ಟೈರು ಮುಗಿಯಿತು, ಅದಕ್ಕೆಂದು ಗೆರೆಗಳ ಸಂದಿಯಲ್ಲಿ ಸಣ್ಣ ಉಬ್ಬುಗಳನ್ನು ಬಿಟ್ಟಿರುತ್ತಾರೆ. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ಭಾನುವಾರ ಬೆಳಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ ಬಾನೆಟ್ ಎತ್ತುವ ಮೊದಲು ಒಮ್ಮೆ ಬಗ್ಗಿ ಆ ನಾಲ್ಕು ಅಂಕಿ ಓದಿ ನೋಡಿ. ಸ್ಟೆಪ್ನಿಯದ್ದೂ.